ಖೊಟ್ಟಿ ಬುಟ್ಟಿಯ ದೋಣಿ

ಅಸ್ಸಿ ಘಾಟಿನ ಹತ್ತಿರ ಹೊಸದಾಗಿ ತೆರೆದಿರುವ ಒಂದು ಕಾಫಿ ಅಂಗಡಿಗೆ ಮೊನ್ನೆ ಹೋಗಿದ್ದೆ. ಕಾಫಿಗಾಗಿ ಅಲ್ಲ; ಕಾಶಿಯಲ್ಲಿ ಒಳ್ಳೆಯ ಕಾಫಿಯ ಆಸೆ ಇಟ್ಟುಕೊಂಡು ಬದುಕುವಷ್ಟು ಹುಂಬಳಲ್ಲ ನಾನು. ಹೊರಗೆ ಬಿಸಿಲಿತ್ತು, ಒಳಗೆ ಎ.ಸಿ. ಇತ್ತು, ಅಷ್ಟೆ. ಕೂತು ತಲೆ ಎತ್ತಿದರೆ ಎದುರಿನ ಗೋಡೆಯ ತುಂಬ ಹಳೆಯ ಕ್ಯಾಸೆಟ್ಟುಗಳು, ಬೆರಣಿ ತಟ್ಟಿದ ಹಾಗೆ ಸಾಲಾಗಿ ಅಂಟಿಕೊಂಡಿವೆ. ಅಲಂಕಾರವಂತೆ. ನಾನು ಎದ್ದು ಹೋಗಿ ಒಂದಕ್ಕೆ ಮೂಗು ತಾಗಿಸಿ ಉದ್ದಕ್ಕೆ ಉಸಿರೆಳೆದುಕೊಂಡೆ. ಗಲ್ಲಾದ ಹಿಂದಿದ್ದ ಹೆಣ್ಣುಮಗಳು ಗಾಬರಿಯಿಂದ, "ಮಾತಾಜಿ, ತಬಿಯತ್ ತೋ ಠೀಕ್ ಹೈ?" ಎಂದಳು.

ನನ್ನ ಆರೋಗ್ಯ ಠೀಕಾಗಿಯೇ ಇತ್ತು. ಕ್ಯಾಸೆಟ್ಟೇ ಠೀಕಾಗಿರಲಿಲ್ಲ. ಅದು ಖೊಟ್ಟಿ, ನಕಲಿ ಮಾಲು.

ನೀವು ನಗುತ್ತೀರಿ. ಆದರೆ ಕ್ಯಾಸೆಟ್ಟನ್ನು ಕಂಡ ಕೂಡಲೇ ಮೂಸಿ ನೋಡುವುದು ನಾನು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಪಾಠ ಮಾಡಿದ್ದಕ್ಕಿಂತ ಹೆಚ್ಚು ಶ್ರದ್ಧೆಯಿಂದ ಕಲಿತ ವಿದ್ಯೆ. ಕಲಿಸಿದವರು ಡಾಕ್ಟರ್ ಶೇಷಗಿರಿ. ಧಾರವಾಡದವರು, ನಮ್ಮ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಚರ್ಮರೋಗದ ವೈದ್ಯರು, ಶಿವಾಲದಲ್ಲಿ ನನ್ನ ಮನೆಯಿಂದ ಒಂದು ಗಲ್ಲಿ ಆಚೆ ವಾಸ. ಊರಿನವರೆಲ್ಲ ಅವರನ್ನು ಕರೆಯುತ್ತಿದ್ದದ್ದು ಮಾತ್ರ 'ಕ್ಯಾಸೆಟ್ ಡಾಕ್ಟರ್' ಎಂದು. ಬೆಳಗಿನ ಹೊತ್ತು ಮನುಷ್ಯರ ಕಜ್ಜಿಯನ್ನು ಯಾವ ಭೂತಗನ್ನಡಿಯಲ್ಲಿ ನೋಡುತ್ತಿದ್ದರೋ, ಸಂಜೆ ಅದೇ ಭೂತಗನ್ನಡಿಯಲ್ಲಿ ಪರದೇಶದ ಕ್ಯಾಸೆಟ್ಟುಗಳ ಮೈ ನೋಡುತ್ತಿದ್ದರು. ಕ್ಯಾಸೆಟ್ಟುಗಳ ವಿಷಯದಲ್ಲಿ ಹೆಚ್ಚು ಸಹಾನುಭೂತಿ ಇತ್ತು.

ಕಾಶಿಗೆ ಪರದೇಶದ ಕ್ಯಾಸೆಟ್ಟು ಎಲ್ಲಿಂದ ಬರಬೇಕು ಎನ್ನುತ್ತೀರಾ? ಸಿತಾರ್ ಕಲಿಯಲು, ತಬಲಾ ಕಲಿಯಲು, ಮೋಕ್ಷ ಕಲಿಯಲು ಬಂದ ಬಿಳಿಯರು ಬಂಗಾಲಿ ಟೋಲಾದ ಲಾಡ್ಜುಗಳಲ್ಲಿ ತಂಗುತ್ತಿದ್ದರು. ಹೊಟ್ಟೆ ಕೆಟ್ಟೋ ವೈರಾಗ್ಯ ಕೆಟ್ಟೋ ಊರಿಗೆ ಹೊರಟಾಗ ಭಾರವೆಂದು ಕ್ಯಾಸೆಟ್ಟುಗಳನ್ನು ಬಿಟ್ಟು ಹೋಗುತ್ತಿದ್ದರು. ಅವು ಲಾಡ್ಜಿನ ಮಾಲೀಕರಿಂದ ಗುಜರಿ ಕೊಳ್ಳುವ ಕಬಾಡಿಯವರಿಗೆ, ಅಲ್ಲಿಂದ ನಮ್ಮಂಥ ಕಸುಬಿಲ್ಲದವರ ಕೈಗೆ. ಜಪಾನಿನದು, ಇಟಲಿಯದು, ಈಗ ಭೂಪಟದಲ್ಲೇ ಇಲ್ಲದ ದೇಶಗಳದು. ಅಸಲಿ ಇದ್ದಲ್ಲಿ ನಕಲಿಯೂ ಬಂತು. ಯಾವುದೋ ಗಲ್ಲಿಯಲ್ಲಿ ಖಾಲಿ ಟೇಪಿಗೆ ಹಾಡು ತುಂಬಿ, ಬಣ್ಣದ ಜೆರಾಕ್ಸ್ ತೆಗೆಸಿ, 'ಇಂಪೋರ್ಟೆಡ್' ಎಂದು ಮಾರುವ ಗೃಹಕೈಗಾರಿಕೆ ಶುರುವಾಯಿತು. ಹೀಗಾಗಿ ಒಬ್ಬ ತೀರ್ಪುಗಾರ ಬೇಕಾಯಿತು. ಡಾಕ್ಟರು ತಮ್ಮನ್ನು ತಾವೇ ಆ ಹುದ್ದೆಗೆ ನೇಮಿಸಿಕೊಂಡರು.

ಅವರ ಮನೆಯ ಭಾನುವಾರದ ದರ್ಬಾರಿನಲ್ಲಿ ನಾನಿರುತ್ತಿದ್ದೆ, ಇಲ್ಲಿನ ವೀರಶೈವ ಮಠದ ಕಚೇರಿಯ ವೀರಯ್ಯನವರಿರುತ್ತಿದ್ದರು. ಹಣೆ ತುಂಬ ವಿಭೂತಿ ಧರಿಸಿ, ಚೀಲದಿಂದ ಇಟಲಿಯ ಡಿಸ್ಕೋ ಕ್ಯಾಸೆಟ್ಟುಗಳನ್ನು ಶಿವಲಿಂಗ ತೆಗೆಯುವ ಭಕ್ತಿಯಿಂದ ಹೊರತೆಗೆಯುವ ವೀರಯ್ಯನವರನ್ನು ನೀವು ನೋಡಬೇಕಿತ್ತು. ಡಾಕ್ಟರು ಮೊದಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಲೊಡಲೊಡ ಅಂದರೆ ಅನುಮಾನ. ಆಮೇಲೆ ಮೂಲೆಯ ಸ್ಕ್ರೂಗಳು, ಟೇಪಿನ ಹಿಂದಿನ ಪುಟ್ಟ ಉಣ್ಣೆಯ ಮೆತ್ತೆ, ಹೊದಿಕೆಯ ಕಾಗದದ ಮಡಿಕೆ. ಬೆರಳಿಗೆ ಎಂಜಲು ಹಚ್ಚಿ ಅಕ್ಷರಗಳನ್ನು ಉಜ್ಜುವುದು. ಕಡೆಗೆ ಕಣ್ಣು ಮುಚ್ಚಿ ಮೂಸುವುದು. ಆಗ ಕೋಣೆಯಲ್ಲಿ ಯಾರೂ ಉಸಿರಾಡುವಂತಿರಲಿಲ್ಲ. ನಮ್ಮ ಉಸಿರು ಸಾಕ್ಷ್ಯವನ್ನು ಕೆಡಿಸುತ್ತದಂತೆ.

"ಅಸಲಿ," ಎಂದರೆ ಅದು ಕಪಾಟಿಗೆ, ನಾಫ್ತಲಿನ್ ಗುಳಿಗೆಗಳ ಸಹವಾಸಕ್ಕೆ. "ಖೊಟ್ಟಿ ಅದ ರೀ," ಎಂದರೆ ಬಾಗಿಲ ಹಿಂದಿನ ಬೆತ್ತದ ಬುಟ್ಟಿಗೆ.

ಒಂದು ವಿಷಯ ಹೇಳಲು ಮರೆತೆ. ನಾವು ಯಾರೂ ಕ್ಯಾಸೆಟ್ಟು ಕೇಳುತ್ತಿರಲಿಲ್ಲ. ಹೊಸದಾಗಿ ಸೇರಿದಾಗ ನಾನೊಮ್ಮೆ, "ಸರ್, ಒಂದ್ಸಲ ಹಾಕಿ ನೋಡಿದ್ರೆ ಗೊತ್ತಾಗಲ್ವಾ?" ಎಂದು ಕೇಳಿಬಿಟ್ಟಿದ್ದೆ. ಡಾಕ್ಟರು ನನ್ನನ್ನು ಗರ್ಭಗುಡಿಗೆ ಚಪ್ಪಲಿ ಹಾಕಿಕೊಂಡು ಬಂದವಳಂತೆ ನೋಡಿದರು. "ಕೇಳಿದರ ಸವೀತದ ಮೇಡಂ. ಹಾಡು ಕೇಳಬೇಕಂದ್ರ ರೇಡಿಯೋ ಅದ."

ಡಾಕ್ಟರ ಹೆಂಡತಿ ಸರೋಜಕ್ಕನಿಗೆ ನಮ್ಮ ದರ್ಬಾರು ಕಂಡರೆ ಕನಿಕರ. ಒಗ್ಗರಣೆ ಅವಲಕ್ಕಿಯ ತಟ್ಟೆಗಳನ್ನು ತಂದಿಟ್ಟು, ಬಾಗಿಲಿಗೆ ಒರಗಿ ನಿಂತು, ಮೂವರು ಓದಿದ ಮನುಷ್ಯರು ಪ್ಲಾಸ್ಟಿಕ್ಕನ್ನು ಮೂಸುವುದನ್ನು ನೋಡುತ್ತಿದ್ದಳು. "ಅವಲಕ್ಕಿನೂ ಮೂಸಿ ನೋಡಿ ತಿನ್ರಿ, ಖೊಟ್ಟಿ ಇದ್ದೀತು," ಎನ್ನುತ್ತಿದ್ದಳು. ಅವಳು ಹಾಡುತ್ತಿದ್ದಳು. ಸಂಗೀತ ಕಲಿತದ್ದಲ್ಲ, ಅಜ್ಜಿಯಿಂದ ಬಂದ ಮದುವೆಯ ಹಾಡು, ಆರತಿಯ ಹಾಡು, ಬೀಗರನ್ನು ಚೇಷ್ಟೆ ಮಾಡುವ ಹಾಡು. ಶಿವಾಲದಿಂದ ಕೇದಾರ ಘಾಟಿನವರೆಗೆ ಯಾವ ಕನ್ನಡ ಮನೆಯಲ್ಲಿ ಶುಭಕಾರ್ಯವಾದರೂ ಅವಳಿಗೆ ಕರೆ. ಪರಿಶೀಲನೆಯ ಹೊತ್ತಿನಲ್ಲಿ ಅಡುಗೆಮನೆಯಿಂದ ಅವಳ ಗುನುಗು ಕೇಳಿಸಿದರೆ ಡಾಕ್ಟರು, "ಸ್ವಲ್ಪ ಸುಮ್ನಿರು, ನಾವಿಲ್ಲಿ ಸಂಗೀತದ ಕೆಲಸದಾಗ ಇದ್ದೀವಿ," ಎಂದು ಕೂಗುತ್ತಿದ್ದರು. ನಿಜವಾಗಿಯೂ ಹಾಗೆಯೇ ಕೂಗುತ್ತಿದ್ದರು. ಇದು ನನ್ನ ಕಟ್ಟುಕತೆಯಲ್ಲ.

ಈಗ ದೋಣಿ ಕ್ಯಾಸೆಟ್ಟಿಗೆ ಬರೋಣ. ಹಂಗೇರಿಯ ಮೂವರು ಗೆಳೆಯರ ಹಾಡುಗಳ ಕ್ಯಾಸೆಟ್ಟು. ಅದರ ಹೆಸರು ನಮ್ಮಲ್ಲಿ ಯಾರ ನಾಲಿಗೆಗೂ ಬಗ್ಗದ್ದರಿಂದ, ಮುಖಪುಟದಲ್ಲಿ ದೋಣಿಯ ಚಿತ್ರವಿದ್ದ ಕಾರಣ ದೋಣಿ ಕ್ಯಾಸೆಟ್ಟು. ಅತಿ ಅಪರೂಪದ್ದು, ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಮಾತ್ರ ಇವೆ ಎಂದು ಸಂಗ್ರಾಹಕರ ನಡುವೆ ಪ್ರತೀತಿ. ಅಂಥದ್ದು ಬಂಗಾಲಿ ಟೋಲಾದ ಲಾಡ್ಜೊಂದರ ಹಳೆಯ ಸಾಮಾನಿನ ನಡುವೆ ನನಗೆ ಸಿಕ್ಕಿಬಿಟ್ಟಿತು! ಸೀರೆಯ ಸೆರಗಿನಲ್ಲಿ ಮುಚ್ಚಿಕೊಂಡು, ಎದುರು ಬಂದ ಗೂಳಿಗೂ ದಾರಿ ಬಿಡದೆ, ಗಲ್ಲಿಗಳಲ್ಲಿ ಓಡೋಡಿ ಡಾಕ್ಟರ ಮನೆ ಸೇರಿದೆ.

ಡಾಕ್ಟರು ಅಲ್ಲಾಡಿಸಿದರು. ಉಜ್ಜಿದರು. ಅಕ್ಷರ ಬೆರಳಿಗೆ ಬಂತು. ಭೂತಗನ್ನಡಿಯಲ್ಲಿ ಹೆಸರನ್ನು ಓದಿ ಹುಬ್ಬು ಏರಿಸಿದರು. ಮೂಸಿದರು.

"ಖೊಟ್ಟಿ."

"ಸರ್, ಇನ್ನೊಂದ್ಸಲ..."

"ಸ್ಕ್ರೂ ನಮ್ಮ ದೇಶದ್ದು. ಮಸಿ ಅಗ್ಗದ್ದು. ಹಾಡಿದವರ ಹೆಸರಿನಾಗ ಒಂದು ಅಕ್ಷರ ಜಾಸ್ತಿ ಅದ. ತಮ್ಮ ಹೆಸರು ತಾವ ತಪ್ಪು ಬರಕೋತಾರೇನ್ರಿ ಯಾರರೆ? ಮತ್ತ ಇದಕ್ಕ ಹಂಗೇರಿ ವಾಸನಿ ಇಲ್ಲ ಮೇಡಂ. ನಮ್ಮ ಗೋಧೌಲಿಯಾ ಬಜಾರದ ವಾಸನಿ ಅದ."

ಹಂಗೇರಿಯ ವಾಸನೆ ಹೇಗಿರುತ್ತದೆಂದು ಅವರನ್ನು ಕೇಳುವ ಧೈರ್ಯ ನನಗಿರಲಿಲ್ಲ. ಡಾಕ್ಟರು ಹಂಗೇರಿಗೆ ಹೋಗಿರಲಿಲ್ಲ. ಅಲಹಾಬಾದಿಗೇ ಹೋಗಲು ಬೇಸರಪಡುತ್ತಿದ್ದರು. ಆದರೂ ತೀರ್ಪು ತೀರ್ಪೇ. ದೋಣಿ ಬುಟ್ಟಿಗೆ ಬಿತ್ತು. ನಾನು ಅವಲಕ್ಕಿ ಬಿಟ್ಟೆದ್ದು ಬಂದೆ. ಕೆಲವು ತಿಂಗಳಲ್ಲಿ ಡಾಕ್ಟರೇ ಪರದೇಶದ ವ್ಯಾಪಾರಿಯೊಬ್ಬನಿಂದ ಅಂಚೆಯಲ್ಲಿ ಇನ್ನೊಂದು ದೋಣಿ ಕ್ಯಾಸೆಟ್ಟು ತರಿಸಿದರು. ಮಿರಮಿರ ಮಿಂಚುವ ಮುಖಪುಟ, ಹೆಸರಿನ ಅಕ್ಷರಗಳೆಲ್ಲ ಲೆಕ್ಕಕ್ಕೆ ಸರಿ. ಅದನ್ನು ನನ್ನ ಮೂಗಿಗೆ ಹಿಡಿದು, "ನೋಡ್ರಿ, ಇದು ಹಂಗೇರಿ," ಎಂದರು. ನನಗೆ ನಾಫ್ತಲಿನ್ ವಾಸನೆ ಬಂತು. ಹೌದು ಸರ್, ಎಂದೆ.

ಆ ದಿನಗಳಲ್ಲೇ ಕೇದಾರ ಘಾಟಿನ ಪುರೋಹಿತರ ಮನೆಗೆ ಲಲಿತಾ ಸೊಸೆಯಾಗಿ ಬಂದಳು. ಇಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗಿ. ಎಂದರೆ ಹಿಂದಿಯಲ್ಲಿ ಯೋಚಿಸಿ ಅಮ್ಮನ ಹತ್ತಿರ ಮಾತ್ರ ಕನ್ನಡ ಆಡುವವಳು. ಅವಳಿಗೂ ಅವಳ ಓರಗೆಯವರಿಗೂ ಹಾಡು ಕಲಿಯುವ ಆಸೆ, ಸರೋಜಕ್ಕನ ಬಾಯಿಂದ ಕೇಳಿದರೆ ಮನೆ ಮುಟ್ಟುವಷ್ಟರಲ್ಲಿ ಮರೆತುಹೋಗುವುದು. ಟೇಪಿಗೆ ಹಾಡಿಕೊಡಿ ಎಂದರು. ಸರೋಜಕ್ಕ ಗಂಡನನ್ನು ಕ್ಯಾಸೆಟ್ಟು ಕೇಳಿದಳು.

"ಬುಟ್ಟಿಯೊಳಗಿಂದ ಒಂದು ತಗೋ," ಎಂದರು ಡಾಕ್ಟರು.

"ಖೊಟ್ಟಿ ಆದ್ರ ಏನಾತು, ಹಾಡು ಹಿಡೀತದಿಲ್ಲೋ?"

"ಹಿಡೀತದ. ಆದ್ರ ನನ್ನ ಮಷೀನಿಗೆ ಹಾಕಬ್ಯಾಡ. ಖೊಟ್ಟಿ ಟೇಪು ಮಷೀನು ಕೆಡಸ್ತದ."

ಮೇಲೆದ್ದು ಬಂದದ್ದು ನನ್ನ ದೋಣಿ. ಹಳೆಯ ಹಾಡು ಅಳಿಸದಿರಲೆಂದು ಮಾಡಿದವರು ಅದರ ಬೆನ್ನಿನಲ್ಲಿ ಬಿಟ್ಟಿದ್ದ ತೂತುಗಳಿಗೆ ಡಾಕ್ಟರೇ ಕಾಗದದ ಉಂಡೆ ತುರುಕಿ, ಹಳೆಯದರ ಮೇಲೆಯೇ ಹೊಸದಾಗಿ ಹಾಡಲು ಅನುವು ಮಾಡಿಕೊಟ್ಟರು. ಸರೋಜಕ್ಕ ಪುರೋಹಿತರ ಮನೆಗೆ ಹೋಗಿ, ಅವರ ಮಷೀನಿನ ಮುಂದೆ ಕೂತು, ಎರಡೂ ಬದಿಗೆ ಹಾಡಿ ಬಂದಳು. ಡಾಕ್ಟರು ಅದನ್ನು ಒಮ್ಮೆಯೂ ಕೇಳಲಿಲ್ಲ. ಹೆಂಡತಿಯ ಹಾಡು, ಮನೆಯಲ್ಲೇ ಇದ್ದದ್ದು, ಎಲ್ಲಿಗೆ ಹೋಗುತ್ತದೆ?

ಸರೋಜಕ್ಕ ಹೋದಳು. ಒಂದು ಚಳಿಗಾಲದಲ್ಲಿ ಜ್ವರ ಬಂದದ್ದು ಎದೆಗೆ ಇಳಿಯಿತು. ಆಮೇಲೆ ಡಾಕ್ಟರು ನಿವೃತ್ತರಾದರು. ಕ್ಯಾಸೆಟ್ಟಿನ ಕಾಲವೂ ಮುಗಿಯಿತು. ವೀರಯ್ಯನವರಿಗೆ ಮೊಬೈಲಿನಲ್ಲೇ ಇಟಲಿ ಸಿಗತೊಡಗಿ ಅವರು ಬರುವುದನ್ನು ಬಿಟ್ಟರು. ನಾನು ಭಾನುವಾರ ಹೋಗಿ ಡಾಕ್ಟರ ಎದುರು ಕೂರುತ್ತಿದ್ದೆ. ಅವಲಕ್ಕಿ ಇರಲಿಲ್ಲ, ಬಿಸ್ಕತ್ತು ಇತ್ತು. ಇಬ್ಬರೂ ಕಪಾಟಿನ ಗಾಜಿನಾಚೆಗಿದ್ದ ಅಸಲಿಗಳನ್ನು ನೋಡುತ್ತ ಕೂರುತ್ತಿದ್ದೆವು, ಮೃಗಾಲಯದಲ್ಲಿ ಮಲಗಿದ ಹುಲಿಯನ್ನು ನೋಡಿದ ಹಾಗೆ.

ಅಂಥದ್ದೊಂದು ಭಾನುವಾರ ಲಾಸ್ಲೊ ಬಂದ. ಎತ್ತರದ ಮುದುಕ, ಬಿಳಿ ಗಡ್ಡ, ಹೆಗಲಿಗೊಂದು ಗಮಛಾ ಟವೆಲು. ಕೇದಾರ ಘಾಟಿನ ಇಡ್ಲಿ ಅಂಗಡಿಯಲ್ಲಿ ಹಳೆಯ ಕ್ಯಾಸೆಟ್ಟು ಎಲ್ಲಿ ಸಿಗುತ್ತದೆಂದು ವಿಚಾರಿಸಿದನಂತೆ; ಅವರು ಕ್ಯಾಸೆಟ್ ಡಾಕ್ಟರ ಮನೆ ತೋರಿಸಿದರು. ತರುಣನಾಗಿದ್ದಾಗ ಇಲ್ಲಿ ತಬಲಾ ಕಲಿತವನಾದ್ದರಿಂದ ಹಿಂದಿ ಸರಾಗ. ನಮ್ಮ ಹಿಂದಿಗಿಂತ ಹೆಚ್ಚು ಬನಾರಸಿ.

"ನಾವು ಮೂವರು ಮಾಡಿದ ಹಾಡಿನ ಕ್ಯಾಸೆಟ್ಟು ಹುಡುಕುತ್ತಿದ್ದೇನೆ," ಎಂದ. "ದೋಣಿಯ ಚಿತ್ರ ಇರುವುದು."

ಡಾಕ್ಟರ ಮುಖ ಬೆಳಗಿದ್ದನ್ನು ನಾನು ವರ್ಣಿಸಲಾರೆ. ಜೀವಮಾನವಿಡೀ ಕಾಯ್ದಿಟ್ಟ ಹೆಣ್ಣಿಗೆ ಕೊನೆಗೂ ವರ ಬಂದಿದ್ದ. ಕೈ ತೊಳೆದು, ಕಪಾಟು ತೆರೆದು, ಮಿರಮಿರ ಮಿಂಚುವ ಅಸಲಿಯನ್ನು ಅಂಗೈಯಲ್ಲಿಟ್ಟು ಒಪ್ಪಿಸಿದರು. ಲಾಸ್ಲೊ ತಿರುಗಿಸಿ ನೋಡಿ, "ಹಾಕಬಹುದಾ?" ಎಂದ. ಸೃಷ್ಟಿಕರ್ತನೇ ಕೇಳುವಾಗ ಸವೆಯುತ್ತದೆ ಎನ್ನುವುದು ಹೇಗೆ? ಮಷೀನಿನ ಧೂಳು ಒರೆಸಿ ಹಾಕಿದೆವು. ಒಳಗಿಂದ ಪೋಲೀಸು ಬ್ಯಾಂಡಿನ ಹಾಗೆ ಭೋಂ ಭೋಂ ಎಂದು ಮೆರವಣಿಗೆಯ ವಾದ್ಯ ಹೊರಟಿತು.

ಲಾಸ್ಲೊ ಸಭ್ಯ ಮನುಷ್ಯ, ಒಂದು ನಿಮಿಷ ಪೂರ್ತಿ ಕೇಳಿದ. ಆಮೇಲೆ ಹೇಳಿದ: "ಡಾಕ್ಟರ್ ಸಾಹೇಬರೇ, ಇದನ್ನು ಯಾರೋ ನಿಮಗೆ ಟೋಪಿ ಹಾಕಲು ಮಾಡಿದ್ದು. ನಮ್ಮ ಕ್ಯಾಸೆಟ್ಟು ಹಂಗೇರಿಯಲ್ಲಿ ಆಗಲೇ ಇಲ್ಲ. ಆಗ ನಮ್ಮಂಥವರ ಹಾಡನ್ನು ಅಲ್ಲಿ ಯಾರು ತೆಗೆಯುತ್ತಿದ್ದರು? ಎಲ್ಲ ಇಲ್ಲೇ ಮಾಡಿಸಿದ್ದು, ಗೋಧೌಲಿಯಾದ ಒಂದು ಅಂಗಡಿಯಲ್ಲಿ. ಪ್ರೆಸ್ಸಿನವನು ನಮ್ಮ ಹೆಸರಿಗೆ ಒಂದು ಅಕ್ಷರ ಹೆಚ್ಚು ಹಾಕಿಬಿಟ್ಟ. ಆಗ್ನೆಸ್ ನಕ್ಕೂ ನಕ್ಕೂ ಇರಲಿ ಬಿಡು ಎಂದಳು."

ನಾನು ಡಾಕ್ಟರ ಕಡೆ ನೋಡಲಿಲ್ಲ. ನೋಡಲಿಲ್ಲ ಎಂದು ಹೇಳಿಕೊಳ್ಳುತ್ತಿದ್ದೇನೆ, ನೋಡಿದೆ. ಎಷ್ಟೋ ವರ್ಷ ನುಂಗಿಕೊಂಡಿದ್ದ ಹಂಗೇರಿಯ ವಾಸನೆಯ ಮಾತು ನಾಲಿಗೆಯ ತುದಿಗೆ ಬಂದು ಕುಣಿಯುತ್ತಿತ್ತು. ಅಷ್ಟರಲ್ಲಿ ಲಾಸ್ಲೊ, "ಆಗ್ನೆಸ್ ನನ್ನ ಹೆಂಡತಿ. ಹಾಡುತ್ತಿದ್ದವಳು ಅವಳೇ. ಹೋದ ವರ್ಷ ತೀರಿಕೊಂಡಳು. ಅವಳ ದನಿ ನಮ್ಮ ಮನೆಯಲ್ಲಿ ಎಲ್ಲೂ ಉಳಿದಿಲ್ಲ," ಎಂದ. ನನ್ನ ಮಾತು ತಾನಾಗಿ ಒಳಗೆ ಹೋಗಿ ಕೂತಿತು.

ಡಾಕ್ಟರು ಮಷೀನು ನಿಲ್ಲಿಸಿ ಕನ್ನಡದಲ್ಲಿ ನನಗೆ ಹೇಳಿದರು: "ನಿಮ್ಮ ದೋಣಿ ಮ್ಯಾಲ ಸರೋಜಾ ಹಾಡ್ಯಾಳ ರೀ. ಆಕಿ ದನಿನೂ ನನ್ನ ಹಂತ್ಯಾಕ ಬ್ಯಾರೆ ಇಲ್ಲ."

ಆ ಕ್ಯಾಸೆಟ್ಟು ಉಳಿದಿದ್ದ ಲಲಿತಾಳ ಮನೆಗೆಂದು ಮೂವರೂ ಕೇದಾರ ಘಾಟಿಗೆ ನಡೆದೆವು. ದಾರಿಯಲ್ಲಿ ನಾನು ಲಾಸ್ಲೊಗೆ ಎಲ್ಲವನ್ನೂ ಹೇಳಿದೆ: ಬುಟ್ಟಿ, ಕಾಗದದ ಉಂಡೆ, ಮದುವೆಯ ಹಾಡು. ಅವನು ಸಿಟ್ಟಾಗುತ್ತಾನೆಂದುಕೊಂಡಿದ್ದೆ. "ಪೂರ್ತಿ ಅಳಿಸಿಹೋಗಿದೆಯೋ?" ಎಂದಷ್ಟೇ ಕೇಳಿದ. ಡಾಕ್ಟರು ನಮ್ಮಿಂದ ಎರಡು ಮಾರು ಹಿಂದೆ, ಪರೀಕ್ಷೆಯಲ್ಲಿ ನಪಾಸಾದವರಂತೆ ಬರುತ್ತಿದ್ದರು.

ಲಲಿತಾ ಈಗ ನಡುವಯಸ್ಸಿನ ಗೃಹಿಣಿ. ನಾಲ್ಕೈದು ಹೆಂಗಸರನ್ನು ಕೂರಿಸಿಕೊಂಡು ಹಪ್ಪಳ ಒತ್ತುತ್ತಿದ್ದಳು. ಕ್ಯಾಸೆಟ್ಟು ಎಂದ ಕೂಡಲೇ ಹಣೆ ಚಚ್ಚಿಕೊಂಡಳು. "ಅಯ್ಯೋ ಮೌಸಿ, ಅದು ತೋ ಯಾವಾಗ್ಲೋ ಖತಂ! ಮಷೀನು ತಿಂದ್ಬಿಡ್ತು. ಅತ್ತೆ ಟೇಪೆಲ್ಲ ಕಿತ್ತು ಛತ್ ಮೇಲೆ ಕಟ್ಟಿದ್ರು, ಬಿಸಿಲಿಗಿಟ್ಟ ಹಪ್ಪಳಕ್ಕೆ ಬಂದರ್ ಬರ್ಬಾರ್ದು ಅಂತ. ಬಂದರ್ ಹೆದರ್ಲೇ ಇಲ್ಲ." ಮಂಗಗಳಿಗೂ ಅಸಲಿ ಖೊಟ್ಟಿಯ ಭೇದ ತಿಳಿದಿರಬೇಕು.

ಒಳಗೆ ಹೋಗಿ ಖಾಲಿ ಡಬ್ಬಿ ತಂದಳು. ಅರಿಶಿನದ ಕೈಯ ಗುರುತು, ದೋಣಿಯ ಚಿತ್ರ, ಒಂದು ಅಕ್ಷರ ಹೆಚ್ಚಿದ್ದ ಹೆಸರು. ಡಾಕ್ಟರು ಅದನ್ನು ಕೈಗೆ ತೆಗೆದುಕೊಂಡರು. ಅಲ್ಲಾಡಿಸಿದರು, ಒಳಗೇನೂ ಇರಲಿಲ್ಲ. "ಅಸಲಿ," ಎಂದರು ಮೆಲ್ಲಗೆ. ಅಂಥ ನಿರುಪಯೋಗಿಯಾದ ಸತ್ಯವನ್ನು ನಾನು ಇನ್ನೊಂದು ಕೇಳಿಲ್ಲ.

ಎಲ್ಲರ ಮುಖ ನೋಡಿ ಲಲಿತಾಗೆ ಏನೋ ಕೆಟ್ಟದ್ದಾಗಿದೆ ಎನ್ನಿಸಿತು. "ಯಾಕೆ ಪರೇಶಾನ್ ಆಗ್ತೀರಿ? ಹಾಡೆಲ್ಲ ನಮ್ಗೆ ಯಾದ್ ಇದೆ," ಎಂದು ಹಿಟ್ಟಿನ ಕೈಯಲ್ಲೇ ಶುರು ಮಾಡಿದಳು. ಉಳಿದವರು ಸೇರಿಕೊಂಡರು.

ಸರೋಜಕ್ಕನ ಬೀಗರ ಹಾಡು. ಕಾಶಿಯ ಹೆಂಗಸರ ಬಾಯಲ್ಲಿ ಅಪ್ಪಟ ಧಾರವಾಡ. ಮೂರನೆಯ ಸೊಲ್ಲಿಗೆ ಬಂದಾಗ ಎಲ್ಲರೂ ಒಟ್ಟಿಗೆ ತಡೆದು, ಗಂಟಲು ಸರಿಮಾಡಿಕೊಂಡು, "ಉಹ್ಹುಂ" ಎಂದು ಕೆಮ್ಮಿ ಮುಂದುವರಿದರು. ಅದು ಹಾಡಿನ ಭಾಗವಲ್ಲ. ಆ ಕೆಮ್ಮು ಸರೋಜಕ್ಕನದು; ಟೇಪಿನಲ್ಲಿ ಉಳಿದದ್ದು. ಕೆಮ್ಮಿನ ಕೊನೆಯಲ್ಲಿ ಬರುವ ಪುಟ್ಟ ಎಳೆತ ಕೂಡ ಇತ್ತು. ಡಾಕ್ಟರು ಗೋಡೆಯ ಕಡೆ ತಿರುಗಿ, ಅಲ್ಲಿ ತೂಗುಹಾಕಿದ್ದ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದತೊಡಗಿದರು.

ಆರತಿಯ ಹಾಡು ಮುಗಿಯಿತು. ನಾನು ಏಳಲು ಹೊರಟೆ. "ರುಕಿಯೇ ಮೌಸಿ, ನಾಕು ಮುತ್ತೈದೇರ ಹಾಡು ಬಾಕಿ ಇದೆ," ಎಂದಳು ಲಲಿತಾ. ಅವಳೂ ಇನ್ನು ಮೂವರೂ ಎದ್ದು ನಿಂತರು. ಒಬ್ಬಳು ಹಪ್ಪಳದ ತಟ್ಟೆಯನ್ನೇ ಆರತಿಯ ತಟ್ಟೆಯಂತೆ ಹಿಡಿದಳು. "ನಾಕು" ಎಂದು ಏರಿದ ದನಿಯಲ್ಲಿ ಹಾಡು ಹೊರಟಿತು. ಕನ್ನಡವಲ್ಲ, ಹಿಂದಿಯಲ್ಲ, ಭೋಜಪುರಿಯಲ್ಲ. ನೀರಿನ ಮೇಲೆ ತೂಗಿದ ಹಾಗೆ ಹೋಗುವ ಒಂದು ಧಾಟಿ.

ಲಾಸ್ಲೊ ಗೋಡೆ ಹಿಡಿದುಕೊಂಡು ಕೆಳಗೆ ಕೂತ.

ಸರೋಜಕ್ಕನ ಹಾಡುಗಳು ಮುಗಿದ ಮೇಲೆ ಟೇಪಿನ ಎರಡನೆಯ ಬದಿಯಲ್ಲಿ ಇನ್ನಷ್ಟು ಜಾಗ ಇತ್ತು. ಅಲ್ಲಿ ಆಗ್ನೆಸ್ ಅಳಿಯದೆ ಉಳಿದಿದ್ದಳು, ಒಂದು ಪದದ ನಡುವಿನಿಂದ. ಅವರ ಭಾಷೆಯಲ್ಲಿ ದೋಣಿಗೆ 'ಚೋನಾಕ್' ಎನ್ನುತ್ತಾರಂತೆ. 'ಚೋ' ಸರೋಜಕ್ಕನ ಆರತಿಯ ಕೆಳಗೆ ಮುಳುಗಿತ್ತು; 'ನಾಕ್' ತೇಲಿತ್ತು. ಇವರು ಅದನ್ನು ನಾಕು ಎಂದು ಕೇಳಿಸಿಕೊಂಡರು. ಸರೋಜಕ್ಕನೇ ಯಾರಿಂದಲೋ ಹಾಡಿಸಿದ್ದೆಂದ ಮೇಲೆ ಸಂಪ್ರದಾಯವೇ ಇರಬೇಕು. ನಾಕು ಎಂದಿದೆಯಾದ್ದರಿಂದ ನಾಕು ಮುತ್ತೈದೆಯರು ನಿಂತು ಮದುಮಗಳಿಗೆ ಆರತಿ ಎತ್ತಬೇಕು. ಇಷ್ಟು ವರ್ಷದಿಂದ ಕೇದಾರ ಘಾಟಿನ ಕನ್ನಡ ಮದುವೆಗಳಲ್ಲಿ ಇದು ನಡೆದುಬಂದಿದೆ. ನನಗೇಕೆ ಗೊತ್ತಿರಲಿಲ್ಲವೆಂದರೆ ನಾನು ಮದುವೆಗಳಿಗೆ ಊಟದ ಹೊತ್ತಿಗೆ ಸರಿಯಾಗಿ ಹೋಗುವವಳು.

ಮತ್ತೊಮ್ಮೆ ಹಾಡಿರೆಂದು ಲಾಸ್ಲೊ ಕೇಳಿದ. ಹಾಡಿದರು. ಕಣ್ಣೊರೆಸಿಕೊಂಡು, ಡಾಕ್ಟರ ಕಡೆ ನೋಡಿ, ಸ್ವಲ್ಪ ತುಂಟತನದಿಂದಲೇ ಕೇಳಿದ: "ಹೇಳಿ ಡಾಕ್ಟರ್ ಸಾಹೇಬರೇ, ಇದು ಅಸಲಿಯೋ ನಕಲಿಯೋ?"

ಡಾಕ್ಟರು ಕ್ಯಾಲೆಂಡರಿನಿಂದ ತಿರುಗಲಿಲ್ಲ. "ನನಗ ತಿಳೀವಲ್ದು ರೀ," ಎಂದರು. ನಾನು ಅದನ್ನು ಹಿಂದಿಗೆ ಅನುವಾದಿಸಿ ಹೇಳಿದೆ. ಅವರ ಬಾಯಲ್ಲಿ ಆ ಮಾತನ್ನು ಮೊದಲ ಸಲ ಕೇಳಿದ ನನಗೆ ಗೆದ್ದ ಖುಷಿಯಾಗಬೇಕಿತ್ತು. ಹಪ್ಪಳದ ಹಿಟ್ಟಿನ ಇಂಗಿನ ವಾಸನೆ ಕಣ್ಣಿಗೆ ಹೋಗಿತ್ತೆಂದು ಕಾಣುತ್ತದೆ.

ಲಾಸ್ಲೊ ಮೊಬೈಲಿನಲ್ಲಿ ಆ ಹಾಡನ್ನು ಹಿಡಿದುಕೊಂಡು ಹೋದ. ಹೋಗುವ ಮುಂಚೆ ಹೆಂಗಸರಿಗೆ ಮುಳುಗಿಹೋದ ಅರ್ಧ ಪದವನ್ನೂ ಹೇಳಿಕೊಟ್ಟ. ಡಾಕ್ಟರು ಈಗ ಕಪಾಟಿನ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಕೇಳುತ್ತಿದ್ದಾರೆ. ಅರ್ಧಕ್ಕರ್ಧ ಬೂಷ್ಟು ಹಿಡಿದು ಕಿರುಗುಟ್ಟುತ್ತವೆ. ಕಿರುಗುಟ್ಟುವುದನ್ನೂ ಪೂರ್ತಿ ಕೇಳುತ್ತಾರೆ. ನಾನೂ ಕೂತಿರುತ್ತೇನೆ. ನಮ್ಮ ಸಂಗ್ರಹದಲ್ಲಿ ಎಷ್ಟೊಂದು ಕೆಟ್ಟ ಸಂಗೀತವಿತ್ತೆಂದು ಈಗ ತಿಳಿಯುತ್ತಿದೆ.

ನಿನ್ನೆ ಲಲಿತಾಳ ನಾದಿನಿಯ ಮಗಳ ಮದುವೆ. ಈ ಸಲ ಬೆಳಿಗ್ಗೆಯೇ ಹೋದೆ. ಹಾಡಿನ ಹೊತ್ತಿಗೆ ಒಬ್ಬಳು ಮುತ್ತೈದೆ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿದ್ದಳು. ಮೂವರೇ ಇದ್ದರು. "ಮೌಸಿ, ಬನ್ನಿ, ನೀವು ನಿಲ್ಲಿ," ಎಂದು ಲಲಿತಾ ನನ್ನ ಕೈ ಹಿಡಿದೆಳೆದಳು.

"ನಾನು ಮದುವೇನೇ ಆಗಿಲ್ವಲ್ಲೇ!"

"ಅರೇ, ಚಲ್ತಾ ಹೈ."

ನಿಂತೆ. ತಟ್ಟೆಯ ಅಂಚು ಹಿಡಿದೆ. ವಿದ್ಯಾವಂತೆಯಲ್ಲವೇ, ಲಾಸ್ಲೊ ಹೇಳಿಕೊಟ್ಟಂತೆ ಸರಿಯಾಗಿ ಬಾಯಿ ತೆರೆದು "ಚೋ" ಎಂದೆ. ಹಾಡು ನಿಂತಿತು. ಮೂವರೂ ನನ್ನತ್ತ ತಿರುಗಿದರು. ಮದುಮಗಳು ಕೂಡ ತಲೆ ಎತ್ತಿ ನೋಡಿದಳು.

"ಚೋ ಬೇಡ ಮೌಸಿ," ಎಂದಳು ಲಲಿತಾ. "ಅಸಲಿ ಹಾಡಲ್ಲಿ ಅದು ಇಲ್ಲ."